ಗಂಡ ಹೆಂಡತಿ ಜೊತೆಯಾಗಿ ಕಮೀನೊ ನಡೆಯುವವರಿಗೆ: ನಮ್ಮ ಅನುಭವ, ನಿಮ್ಮ ಪ್ರಶ್ನೆಗಳು

ತುಂಗಾತೀರ

ಕಮೀನೊ ನಡೆಯೋದು ಹೇಗೆ ಅಂತ ಇಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ. ಉತ್ತರ ಬರೆಯುವವರು ಹೆಚ್ಚಾಗಿ ಒಬ್ಬರೇ ಹೋಗಿ ಬಂದವರು. ಈ ಸಲ ಮೇ, ಜೂನ್‌ನಲ್ಲಿ ನಾನು ಮತ್ತು ನಮ್ಮನೆಯವರು ಫ್ರೆಂಚ್ ದಾರಿಯನ್ನು ಪೂರ್ತಿ ನಡೆದು ಬಂದೆವು. ಜೋಡಿಯಾಗಿ ಹೊರಡುವವರ ಪ್ರಶ್ನೆಗಳೇ ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯೇಸುವಿನ ಶಿಷ್ಯ ಸಂತ ಯಾಕೋಬರ ಸಮಾಧಿ ಸ್ಪೇನಿನ ವಾಯವ್ಯ ಮೂಲೆಯ ಸಾಂತಿಯಾಗೊ ದೆ ಕೊಂಪೊಸ್ತೆಲಾ ಊರಿನ ಕೆಥೆಡ್ರಲ್‌ನಲ್ಲಿದೆ ಅನ್ನುವುದು ನಂಬಿಕೆ. ಯುರೋಪಿನ ಜನ ಸಾವಿರ ವರ್ಷದಿಂದ ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಆ ಯಾತ್ರೆಯ ದಾರಿಗೇ ಕಮೀನೊ ಅನ್ನುತ್ತಾರೆ. ಪೋರ್ಚುಗಲ್ ಕಡೆಯಿಂದ ಒಂದು ದಾರಿ, ಉತ್ತರದ ಕಡಲ ತೀರದಲ್ಲಿ ಒಂದು, ಹೀಗೆ ಹಲವು ದಾರಿಗಳಿವೆ. ಹೆಚ್ಚು ಜನ ಹಿಡಿಯುವುದು ಫ್ರೆಂಚ್ ದಾರಿ. ಫ್ರಾನ್ಸಿನ ಸೇನ್ ಜಾನ್ ಪಿಯೆ ದ ಪೋರ್ ಅನ್ನುವ ಪುಟ್ಟ ಊರಿಂದ ಶುರುವಾಗಿ, ಪಿರನೀಸ್ ಬೆಟ್ಟ ದಾಟಿ, ಪಾಂಪ್ಲೋನಾ, ಬುರ್ಗೋಸ್, ಲಿಯೋನ್ ಹಾದು ಹೋಗುತ್ತದೆ. ಸುಮಾರು 780 ಕಿ.ಮೀ.

ನನ್ನ ಮುಖ್ಯ ಮಾತು ಇಷ್ಟೇ: ಜೊತೆಯಾಗಿ ಹೋಗಿ, ಆದರೆ ಇಡೀ ದಿನ ಪಕ್ಕಪಕ್ಕದಲ್ಲೇ ನಡೆಯಬೇಕು ಅಂತ ಹಟ ಹಿಡಿಯಬೇಡಿ.

ನಮ್ಮನೆಯವರದು ಉದ್ದ ಹೆಜ್ಜೆ. ನಾನು ನಿಧಾನ, ಆದರೆ ನಿಲ್ಲದೆ ನಡೆಯುತ್ತೇನೆ. ಸೇನ್ ಜಾನ್ ಇರುವುದು ಸಮುದ್ರಮಟ್ಟದಿಂದ 170 ಮೀಟರ್ ಎತ್ತರದಲ್ಲಿ. ಮೊದಲ ದಿನವೇ 1,400 ಮೀಟರ್ ಮೀರಿ ಹತ್ತಿ, ಬೀಚ್ ಮರಗಳ ಕಾಡಿನೊಳಗೆ ರೊನ್ಸೆಸ್ವಾಯೆಸ್‌ಗೆ ಇಳಿಯಬೇಕು. ಒಟ್ಟು 25 ಕಿ.ಮೀ. ಹತ್ತಿರ. ಅಂಥ ಏರಿನಲ್ಲಿ ಇನ್ನೊಬ್ಬರ ವೇಗಕ್ಕೆ ನಡೆದರೆ ನಿಧಾನ ಇರುವವರಿಗೆ ಉಸಿರು ಕಟ್ಟುತ್ತದೆ, ಬೇಗ ಇರುವವರಿಗೆ ಮಂಡಿ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರಿಗೂ ಸಿಟ್ಟು. ಪಾಂಪ್ಲೋನಾ ಮುಟ್ಟುವ ಮೊದಲೇ ಮಾತು ಬಿಟ್ಟಿದ್ದ ಜೋಡಿಗಳನ್ನು ನೋಡಿದೆವು, ಪಾಪ ಅನ್ನಿಸಿತು.

ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು. ಬೆಳಿಗ್ಗೆ ಒಟ್ಟಿಗೆ ಹೊರಡುವುದು. ಎಂಟು ಹತ್ತು ಕಿಲೋಮೀಟರ್ ಆಚೆಯ ಒಂದು ಊರಿನ ಹೆಸರು ಹೇಳಿಕೊಳ್ಳುವುದು. ಆ ಊರಿನ ಮೊದಲ ಕಾಫಿ ಅಂಗಡಿಯಲ್ಲಿ ಮುಂದೆ ಹೋದವರು ಕಾಯುವುದು. ಅಲ್ಲಿಂದ ಮತ್ತೆ ಇನ್ನೊಂದು ಊರಿನ ಹೆಸರು. ಪಾಸ್‌ಪೋರ್ಟ್, ದುಡ್ಡು, ನೀರು, ಫೋನು, ಮಳೆ ಕೋಟು ಇಬ್ಬರ ಬಳಿಯೂ ಬೇರೆ ಬೇರೆ ಇರಲೇಬೇಕು. ಒಬ್ಬರ ಚೀಲದಲ್ಲಿ ಇಬ್ಬರ ಸಾಮಾನು ತುಂಬಿದರೆ ಇದೆಲ್ಲ ನಡೆಯುವುದಿಲ್ಲ.

ಮಲಗುವ ಜಾಗದ ವಿಷಯ. ಯಾತ್ರಿಕರ ತಂಗುದಾಣಕ್ಕೆ ಅಲ್ಬೇರ್ಗೆ ಅನ್ನುತ್ತಾರೆ. ಕ್ರೆದೆನ್ಸಿಯಾಲ್ ಅನ್ನುವ ಯಾತ್ರಿಕರ ಪುಸ್ತಕ ಇದ್ದವರಿಗೇ ಅಲ್ಲಿ ಹಾಸಿಗೆ. ಮುನ್ಸಿಪಾಲಿಟಿ ನಡೆಸುವ ಕಡೆ ಹೆಚ್ಚಾಗಿ ಮುಂಗಡ ಬುಕ್ಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಮುಂದೆ ಹೋದ ಗಂಡ ಹಿಂದೆ ಬರುವ ಹೆಂಡತಿಗೆ ಅಂತ ಹಾಸಿಗೆ ಹಿಡಿದಿಡುವ ಹಾಗಿಲ್ಲ. ಅವರವರ ಪುಸ್ತಕ ಅವರವರೇ ತೋರಿಸಬೇಕು. ಇದು ನ್ಯಾಯವೇ, ಆದರೆ ಮೊದಲೇ ಗೊತ್ತಿರಲಿ. ಜನ ಜಾಸ್ತಿ ಇರುವ ದಿನ ಖಾಸಗಿ ಅಲ್ಬೇರ್ಗೆಗೆ ಹಿಂದಿನ ರಾತ್ರಿಯೇ ಫೋನು ಮಾಡಿಬಿಡಿ. ನಾಲ್ಕೈದು ದಿನಕ್ಕೊಮ್ಮೆ ಬೇರೆ ಕೋಣೆ ಹಿಡಿಯಿರಿ. ಬಂಕ್ ಹಾಸಿಗೆ, ಮೂವತ್ತು ಜನರ ಗೊರಕೆ, ಬೆಳಿಗ್ಗೆ ಐದಕ್ಕೇ ಪ್ಲಾಸ್ಟಿಕ್ ಕವರಿನ ಸರಸರ. ನಡುವೆ ಒಂದು ರಾತ್ರಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದರೆ ಮುಂದಿನ ವಾರಕ್ಕೆ ಜೀವ ಬರುತ್ತದೆ.

ಒಂದು ಊರಿನ ಬಗ್ಗೆ ಹೇಳಲೇಬೇಕು, ಗ್ರಾನ್ಯೋನ್. ಅಲ್ಲಿನ ಅಲ್ಬೇರ್ಗೆ ಇರುವುದು ಚರ್ಚಿನ ಕಟ್ಟಡದಲ್ಲೇ. ಕಲ್ಲಿನ ಸುತ್ತು ಮೆಟ್ಟಿಲು ಹತ್ತಿ ಹೋಗಬೇಕು. ಮಂಚ ಇಲ್ಲ, ನೆಲದ ಮೇಲೆ ತೆಳು ಹಾಸಿಗೆ. ಸಂಜೆ ಎಲ್ಲರೂ ಸೇರಿ ತರಕಾರಿ ಹೆಚ್ಚುವುದು, ಉದ್ದ ಮೇಜಿನಲ್ಲಿ ಒಟ್ಟಿಗೆ ಊಟ, ಆಮೇಲೆ ಎಲ್ಲರೂ ಸೇರಿ ಪಾತ್ರೆ ತೊಳೆಯುವುದು. ಬಾಡಿಗೆ ಇಂತಿಷ್ಟು ಅಂತ ಇಲ್ಲ. ಒಂದು ಮರದ ಪೆಟ್ಟಿಗೆ ಮುಚ್ಚಳ ತೆರೆದುಕೊಂಡೇ ಇರುತ್ತದೆ. ಕೈಲಾದಷ್ಟು ಹಾಕಿ, ಬೇಕಾದಷ್ಟು ತೆಗೆದುಕೊಳ್ಳಿ ಅಂತ ಬರೆದಿರುತ್ತದೆ. ನಮ್ಮ ಕಡೆಯ ದಾಸೋಹದ ಹಾಗೆಯೇ. ನಮ್ಮನೆಯವರು ಈರುಳ್ಳಿ ಹೆಚ್ಚುತ್ತಾ ಪಕ್ಕದ ಕೊರಿಯನ್ ಅಜ್ಜಿಯ ಜೊತೆ ಕೈಸನ್ನೆಯಲ್ಲೇ ಹರಟೆ ಹೊಡೆದರು. ಆ ಸಂಜೆ ಎಷ್ಟು ಖುಷಿಯಾಗಿದ್ದೆವು ಅಂತ ಬರೆದು ಹೇಳುವುದು ಕಷ್ಟ.

ಪ್ರಶ್ನೆ ಇದ್ದರೆ ಕೇಳಿ, ಗೊತ್ತಿದ್ದದ್ದು ಹೇಳುತ್ತೇನೆ.

ಹಾಸನದ ಹುಡುಗಿ

ಅಕ್ಕಾ, ಓದಿ ತುಂಬಾ ಖುಷಿಯಾಯಿತು. ನನ್ನದು ಊಟದ ಪ್ರಶ್ನೆ. ನಾವಿಬ್ಬರೂ ಸಸ್ಯಾಹಾರಿಗಳು. ನಾನು ಮೊಟ್ಟೆ ಕೂಡ ತಿನ್ನಲ್ಲ. ಅಷ್ಟು ದಿನ ಬದುಕಬಹುದಾ?

ತುಂಗಾತೀರ

ಖಂಡಿತ ಬದುಕಬಹುದು. ನಾನೂ ಮೊಟ್ಟೆ ತಿನ್ನುವುದಿಲ್ಲ. ಆದರೆ ಅಂಗಡಿಯಲ್ಲಿ ಬಾಯಿ ಬಿಟ್ಟು ಹೇಳಬೇಕು. ಮಾಂಸ ಬೇಡ ಅಂದರೆ ಸಾಲದು. ಮಿಶ್ರ ಸಲಾಡ್ ಅಂತ ತರಿಸಿದರೆ ಮೇಲೆ ಟ್ಯೂನಾ ಮೀನು ಇರುತ್ತದೆ. ಬೇಳೆ ಸೂಪಿನಲ್ಲಿ ಹಂದಿಮಾಂಸದ ಚೂರು ಇರುತ್ತದೆ. ಸಾಂತಿಯಾಗೊ ಇರುವ ಗಲಿಸಿಯಾ ಪ್ರಾಂತ್ಯದ ಸೊಪ್ಪಿನ ಸೂಪಿನಲ್ಲೂ ಅಷ್ಟೇ. "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ, ಸಿನ್ ಅತೂನ್, ಸಿನ್ ವೆವೊ" ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ತೋರಿಸಿ. ಮಾಂಸ, ಹಂದಿ, ಮೀನು, ಟ್ಯೂನಾ, ಮೊಟ್ಟೆ ಯಾವುದೂ ಬೇಡ ಅಂತ.

ಬೆಳಿಗ್ಗೆ ಟೊಮೆಟೊ ಉಜ್ಜಿದ ಬ್ರೆಡ್ಡು, ಮೇಲೆ ಆಲಿವ್ ಎಣ್ಣೆ. ಚೆನ್ನಾಗಿರುತ್ತದೆ. ಚೀಸಿನ ಬೊಕಾದಿಯೊ, ಅಂದರೆ ಉದ್ದ ಬ್ರೆಡ್ಡಿನ ಸ್ಯಾಂಡ್‌ವಿಚ್, ಎಲ್ಲ ಕಡೆ ಸಿಗುತ್ತದೆ. ಗಲಿಸಿಯಾದಲ್ಲಿ ಪಾದ್ರೋನ್ ಮೆಣಸಿನಕಾಯಿ ಹುರಿದು ಉಪ್ಪು ಉದುರಿಸಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಅದೊಂದು ಹಬ್ಬ. ಆಲೂಗಡ್ಡೆ ತೋರ್ತಿಯಾ ಅಂತ ಎಲ್ಲರೂ ಹೊಗಳುತ್ತಾರೆ, ಅದು ಮೊಟ್ಟೆಯದ್ದೇ. ಸಾಂತಿಯಾಗೊ ಬಾದಾಮಿ ಕೇಕಿನಲ್ಲೂ ಮೊಟ್ಟೆ ಇದೆ.

ಅಡುಗೆಮನೆ ಇರುವ ಅಲ್ಬೇರ್ಗೆ ನೋಡಿಕೊಳ್ಳಿ. ಅಕ್ಕಿ ಸಿಗುತ್ತದೆ. ಬೇಯಿಸಿದ ಬೇಳೆ, ಕಡಲೆಕಾಳು ಗಾಜಿನ ಜಾಡಿಯಲ್ಲಿ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಮನೆಯಿಂದ ಒಯ್ದಿದ್ದೆ. ತುಪ್ಪ ಮಾತ್ರ ಒಯ್ಯಬೇಡಿ, ಯುರೋಪ್ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ ತರುವ ಹಾಗಿಲ್ಲ. ಇನ್ನೊಂದು, ಗಲಿಸಿಯಾದ ಸರ್ಕಾರಿ ಅಲ್ಬೇರ್ಗೆಗಳಲ್ಲಿ ಒಲೆ ಇರುತ್ತದೆ, ಪಾತ್ರೆ ಇರುವುದಿಲ್ಲ! ಒಂದು ಹಗುರ ಪಾತ್ರೆ ಚೀಲದಲ್ಲಿರಲಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಸಣ್ಣ ಊರಿನ ಅಂಗಡಿಗಳು ಮುಚ್ಚಿರುತ್ತವೆ, ಭಾನುವಾರ ಹೆಚ್ಚಿನವು ಪೂರ್ತಿ ಬಂದ್. ಶನಿವಾರವೇ ಬ್ರೆಡ್ಡು ಹಣ್ಣು ಕೊಂಡುಬಿಡಿ.

ವೈಟ್‌ಫೀಲ್ಡ್ ಪಾದಚಾರಿ

ವೀಸಾ ಯಾವ ದೇಶದ್ದು ತೆಗೆದುಕೊಳ್ಳಬೇಕು? ಶುರು ಫ್ರಾನ್ಸಿನಲ್ಲಿ ಅಲ್ವಾ?

ಬಾರ್ಸಿಲೋನಾ ಕನ್ನಡತಿ

ಇದಕ್ಕೆ ನಾನು ಹೇಳುತ್ತೇನೆ. ನನ್ನ ಅತ್ತೆ ಮಾವ ಬಂದಾಗ ಎಲ್ಲ ನಾನೇ ನೋಡಿಕೊಂಡಿದ್ದೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾದಲ್ಲಿ ಎಲ್ಲಿ ಇಳಿಯುತ್ತೀರಿ ಅನ್ನುವುದು ಮುಖ್ಯ ಅಲ್ಲ, ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರಿ ಅನ್ನುವುದು ಮುಖ್ಯ. ಹಾಗಾಗಿ ಸ್ಪೇನ್ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಿಂದ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಯಾವುದೇ 180 ದಿನದಲ್ಲಿ 90 ದಿನ ಮೀರುವ ಹಾಗಿಲ್ಲ, ನಡಿಗೆಗೆ ಅದು ಧಾರಾಳ ಸಾಕು.

ತೊಡಕು ಇರುವುದು ವಾಸ್ತವ್ಯದ ದಾಖಲೆಯಲ್ಲಿ. ಮುನ್ಸಿಪಲ್ ಅಲ್ಬೇರ್ಗೆಗಳು ಬುಕ್ಕಿಂಗ್ ಕೊಡುವುದಿಲ್ಲ, ವೀಸಾಗೆ ಬುಕ್ಕಿಂಗ್ ಬೇಕು. ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕೋಣೆಗಳನ್ನು ದಾರಿಯ ಊರುಗಳಲ್ಲೇ ಬುಕ್ ಮಾಡಿ. ದಿನಕ್ಕೆ ಎಲ್ಲಿಂದ ಎಲ್ಲಿಗೆ ನಡಿಗೆ ಅಂತ ಒಂದು ಪಟ್ಟಿ ಹಾಕಿ. ಅರ್ಜಿ ಜೊತೆ ಒಂದು ಪತ್ರದಲ್ಲಿ ಕಮೀನೊ ನಡೆಯುತ್ತಿದ್ದೇವೆ ಅಂತ ಸ್ಪಷ್ಟವಾಗಿ ಬರೆಯಿರಿ. ಸ್ಪೇನಿನವರಿಗೆ ಇದು ಹೊಸದೇನಲ್ಲ.

ಸೇನ್ ಜಾನ್ ತಲುಪಲು ಪ್ಯಾರಿಸ್‌ನಿಂದ ಬಯೋನ್‌ಗೆ ರೈಲು, ಅಲ್ಲಿಂದ ಸಣ್ಣ ರೈಲು ಒಂದು ಗಂಟೆ. ಪಾಂಪ್ಲೋನಾದಿಂದಲೂ ಬರಬಹುದು. ನವೆಂಬರ್‌ನಿಂದ ಮಾರ್ಚ್ ಕೊನೆವರೆಗೆ ಬೆಟ್ಟದ ಮೇಲಿನ ದಾರಿ ಮುಚ್ಚಿರುತ್ತದೆ. ಆಗ ಕಣಿವೆಯ ವಾಲ್ಕಾರ್ಲೋಸ್ ದಾರಿಯೇ ಗತಿ.

ನೇರ ನುಡಿ

ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಈಗ ಬಹಳ ಜನ ಸರಿಯಾ ಅನ್ನುವ ಊರಿಂದ ಕೊನೆಯ ನೂರು ಚಿಲ್ಲರೆ ಕಿಲೋಮೀಟರ್ ನಡೆದು, ಚೀಲವನ್ನು ವ್ಯಾನಿನಲ್ಲಿ ಕಳಿಸಿ, ಸರ್ಟಿಫಿಕೇಟ್ ತೆಗೆದುಕೊಂಡು ಬರುತ್ತಾರೆ. ಇದನ್ನೂ ಯಾತ್ರೆ ಅನ್ನಬೇಕಾ? ನಡೆದರೆ ಪೂರ್ತಿ ನಡೆಯಬೇಕು, ಹೊತ್ತುಕೊಂಡು ನಡೆಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇಂಡಿ ತಾಲ್ಲೂಕು

ಸರ್, ನಾನು ಕಮೀನೊ ನಡೆದವನಲ್ಲ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರ ಪೈಕಿ. ನಮ್ಮ ಕಡೆ ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ಸಾವಿರಾರು ಜನ ಹಾಗೆ ಹೊರಡುತ್ತಾರೆ. ಎಷ್ಟೋ ತಂಡಗಳ ಹಾಸಿಗೆ, ಪಾತ್ರೆ ಟ್ರ್ಯಾಕ್ಟರಿನಲ್ಲಿ, ಟೆಂಪೊದಲ್ಲಿ ಬರುತ್ತವೆ. ಅವರದು ಪಾದಯಾತ್ರೆ ಅಲ್ಲ ಅಂತ ಯಾರೂ ಅಂದಿದ್ದು ಕೇಳಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೆ ನೀನೇ ಹೊತ್ತುಕೋ ಅನ್ನಲು ಆಗುತ್ತಾ?

ತುಂಗಾತೀರ

ಇಂಡಿಯವರು ಹೇಳಿದ್ದೇ ನನ್ನ ಮಾತು. ನಿಯಮವನ್ನೂ ಹೇಳಿಬಿಡುತ್ತೇನೆ. ಕೊಂಪೊಸ್ತೆಲಾ ಅನ್ನುವ ಪ್ರಮಾಣಪತ್ರಕ್ಕೆ ನಡೆಯುವವರು ಕಡೇಪಕ್ಷ 100 ಕಿ.ಮೀ., ಸೈಕಲ್‌ನವರು 200 ಕಿ.ಮೀ. ಮುಗಿಸಿರಬೇಕು. ದಿನಕ್ಕೆ ಎರಡು ಮುದ್ರೆ ಪುಸ್ತಕದಲ್ಲಿರಬೇಕು. ಅದಕ್ಕೇ ಸರಿಯಾದಿಂದ ಜನ ಒಮ್ಮೆಲೇ ಜಾಸ್ತಿಯಾಗುತ್ತಾರೆ. ಒಂದು ವಾರ ರಜೆ ಸಿಕ್ಕವರು ಒಂದು ವಾರ ನಡೆಯುತ್ತಾರೆ, ಅದರಲ್ಲಿ ತಪ್ಪೇನು? ಒಂದು ಸಂಜೆ ನಮ್ಮ ಮೇಜಿನಲ್ಲಿ ಒಬ್ಬ ತಾಯಿ ಮಗ ಇದ್ದರು. ತಾಯಿಗೆ ಹೃದಯದ ಆಪರೇಷನ್ ಆಗಿತ್ತು. ಬರೀ ಅಷ್ಟು ದೂರಕ್ಕಾಗಿ ಒಂದು ವರ್ಷ ತಯಾರಾಗಿದ್ದರು. ಅವರ ಎದುರು ಪೂರ್ತಿ ನಡೆದವರು ನಾವು ಅಂತ ಹೇಳಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಚೀಲದ ವಿಷಯಕ್ಕೆ ಬಂದರೆ, ಸ್ಪೇನಿನ ಅಂಚೆ ಇಲಾಖೆ ಕೊರ್ರೆಯೋಸ್ ಕೂಡ ಒಂದು ಅಲ್ಬೇರ್ಗೆಯಿಂದ ಇನ್ನೊಂದಕ್ಕೆ ಚೀಲ ಒಯ್ದು ಕೊಡುತ್ತದೆ. ಜೋಡಿಗೆ ಒಳ್ಳೆಯ ಉಪಾಯ ಅಂದರೆ ಕಷ್ಟದ ದಿನ ಇಬ್ಬರ ಭಾರವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸುವುದು. ಇನ್ನೊಂದು ಸಣ್ಣ ಚೀಲದಲ್ಲಿ ನೀರು, ಔಷಧಿ. ಓ ಸೆಬ್ರೇರೊ ಬೆಟ್ಟ ಹತ್ತುವ ದಿನ ನಾವು ಹಾಗೇ ಮಾಡಿದೆವು. ಆದರೆ ಚೀಲ ಕಳಿಸಿದ ದಿನ ರಾತ್ರಿ ಉಳಿಯುವ ಜಾಗ ಮೊದಲೇ ಗೊತ್ತಾಗಿರಬೇಕು. ಹಲವು ಮುನ್ಸಿಪಲ್ ಅಲ್ಬೇರ್ಗೆಗಳು ಕಳಿಸಿದ ಚೀಲ ತೆಗೆದುಕೊಳ್ಳುವುದಿಲ್ಲ.

ಶಾಸನಪ್ರಿಯ

ಪೂರ್ತಿ ನಡೆಯಬೇಕು ಅನ್ನುವವರಿಗೆ ಸ್ವಲ್ಪ ಇತಿಹಾಸ. ಈ ದಾರಿ ಒಂದು ಕಾಲಕ್ಕೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಸಾಂತಿಯಾಗೊದ ಯಾತ್ರಿಕರ ಕಚೇರಿ ಲೆಕ್ಕದಲ್ಲಿ 1985ರಲ್ಲಿ ಪ್ರಮಾಣಪತ್ರ ಪಡೆದವರು ಬರೀ 690 ಜನ. 2024ರಲ್ಲಿ ಐದು ಲಕ್ಷದ ಹತ್ತಿರ. ಇಷ್ಟು ಬದಲಾಗಲು ಮುಖ್ಯ ಕಾರಣರಾದವರಲ್ಲಿ ಓ ಸೆಬ್ರೇರೊದ ಪಾದ್ರಿ ಎಲಿಯಾಸ್ ವಲಿನ್ಯಾ ಒಬ್ಬರು. 1984ರಲ್ಲಿ ಹಳದಿ ಬಣ್ಣದ ಡಬ್ಬ ಹಿಡಿದು ದಾರಿಯುದ್ದಕ್ಕೂ ಮರ, ಕಲ್ಲು, ಗೋಡೆಗಳ ಮೇಲೆ ಬಾಣ ಬರೆಸುತ್ತಾ ಹೋದರು. 1989ರಲ್ಲಿ ತೀರಿಕೊಂಡರು. 1987ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಇದನ್ನು ತನ್ನ ಮೊದಲ ಸಾಂಸ್ಕೃತಿಕ ಮಾರ್ಗ ಅಂತ ಸಾರಿತು. 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಇವತ್ತು ನಕಾಶೆ ನೋಡದೆ ಬಾಣ ನೋಡಿಕೊಂಡು ನಡೆಯುತ್ತೇವಲ್ಲ, ಆ ಪುಣ್ಯಾತ್ಮರನ್ನು ನೆನೆಯಬೇಕು.

ಪೋರ್ತೊಮರೀನ್ ಊರಿನಲ್ಲಿ ಒಂದು ಗಂಟೆ ಜಾಸ್ತಿ ನಿಲ್ಲಿ. ಅಣೆಕಟ್ಟು ಕಟ್ಟಿದಾಗ ಹಳೇ ಊರು ಮುಳುಗಿತು. 1960ರ ದಶಕದಲ್ಲಿ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಗೋಡೆಯ ಹತ್ತಿರ ಹೋದರೆ ಆಗ ಕಲ್ಲುಗಳಿಗೆ ಹಾಕಿದ ಅಂಕಿಗಳು ಈಗಲೂ ಕಾಣುತ್ತವೆ. ಶರಾವತಿ, ಲಿಂಗನಮಕ್ಕಿ ಕಡೆಯವರಿಗೆ ಅದು ಬೇರೆಯೇ ಥರ ತಟ್ಟುತ್ತದೆ.

ಮಂಡಿನೋವು ಮೈಸೂರು

ಮೇಡಂ, ನನಗೆ ಇಳಿಜಾರು ಕಂಡರೆ ಭಯ. ಯಾವ ಇಳಿಜಾರು ಕೆಟ್ಟದ್ದು? ಕಾಲಿನ ಬೊಬ್ಬೆಗೆ ಏನು ಮಾಡಿದಿರಿ?

ತುಂಗಾತೀರ

ಮೂರು ಕಡೆ ಜಾಗ್ರತೆ. ಮೊದಲ ದಿನ ರೊನ್ಸೆಸ್ವಾಯೆಸ್‌ಗೆ ಇಳಿಯುವುದು. ಎರಡನೇ ದಿನ ಸುಬಿರಿಗೆ ಇಳಿಯುವುದು, ಅಲ್ಲಿ ಬಂಡೆಯ ಪದರುಗಳು ಮಳೆ ಬಂದರೆ ಜಾರುತ್ತವೆ. ಆಮೇಲೆ ಕ್ರೂಸ್ ದೆ ಫೆರ್ರೊ ಅನ್ನುವ ಬೆಟ್ಟದ ಮೇಲಿನ ಕಬ್ಬಿಣದ ಶಿಲುಬೆ ದಾಟಿ ಎಲ್ ಅಸೇಬೊ, ಮೊಲಿನಾಸೇಕಾ ಕಡೆ ಇಳಿಯುವುದು. ಇದು ಉದ್ದ, ಬರೀ ಕಲ್ಲು. ಎರಡು ಊರುಗೋಲು ಇರಲೇಬೇಕು. ವಿಮಾನದಲ್ಲಿ ಕೈಚೀಲದ ಜೊತೆ ಬಿಡುವುದು ಕಷ್ಟ, ಸೇನ್ ಜಾನ್‌ನಲ್ಲೇ ಕೊಳ್ಳಬಹುದು. ಮೊದಲ ದಿನವನ್ನು ಎರಡು ಮಾಡಿಕೊಳ್ಳಿ. 8 ಕಿ.ಮೀ. ಏರಿದ ಮೇಲೆ ಒರಿಸ್ಸೋನ್ ತಂಗುದಾಣ ಇದೆ. ಅಲ್ಲಿಗೆ ತಿಂಗಳುಗಳ ಮೊದಲೇ ಬುಕ್ ಮಾಡಬೇಕು.

ಶೂ ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡದಿರಲಿ, ನಡೆದ ಹಾಗೆ ಪಾದ ಊದುತ್ತದೆ. ಬೆಳಿಗ್ಗೆ ಬೆರಳ ಸಂದಿಗೆ ವ್ಯಾಸಲೀನ್. ಎಲ್ಲಾದರೂ ಉರಿ ಅನ್ನಿಸಿದ ಕೂಡಲೇ ನಿಂತು ಟೇಪ್ ಹಾಕಿ. ಮುಂದಿನ ಊರಿಗೆ ನೋಡೋಣ ಅಂದರೆ ಬೊಬ್ಬೆ ಎದ್ದಿರುತ್ತದೆ. ಇಬ್ಬರಿರುವ ಅನುಕೂಲ ಇಲ್ಲೇ ಇರುವುದು. ಸಂಜೆ ಸ್ನಾನ ಆದ ಮೇಲೆ ಒಬ್ಬರ ಪಾದ ಇನ್ನೊಬ್ಬರು ನೋಡುವುದು ನಮ್ಮ ದಿನಚರಿಯೇ ಆಗಿಹೋಗಿತ್ತು. ನಮ್ಮ ಹಿಮ್ಮಡಿ ನಮಗೆ ಕಾಣುವುದಿಲ್ಲವಲ್ಲ.

ಹಾಸನದ ಹುಡುಗಿ

ಅಕ್ಕಾ, ನಡುವೆ ನೀವು ಒಬ್ಬರೇ ನಡೆಯುವಾಗ ಭಯ ಆಗಲಿಲ್ವಾ? ಮತ್ತೆ ನಾವು ಕ್ರಿಶ್ಚಿಯನ್ ಅಲ್ಲ, ಆ ಪ್ರಮಾಣಪತ್ರ ಕೊಡ್ತಾರಾ?

ತುಂಗಾತೀರ

ಮೇ ತಿಂಗಳಲ್ಲಿ ಹಿಂದೆ ಮುಂದೆ ಯಾರಾದರೂ ಕಾಣುತ್ತಲೇ ಇರುತ್ತಾರೆ, ಭಯ ಆಗಲಿಲ್ಲ. ಆದರೂ ಎಚ್ಚರ ಇರಲಿ. ತುರ್ತಿಗೆ 112. ಸ್ಪೇನ್ ಪೊಲೀಸರ ಅಲರ್ಟ್‌ಕಾಪ್ಸ್ ಆ್ಯಪ್ ಹಾಕಿಕೊಳ್ಳಿ. ಕತ್ತಲಲ್ಲಿ ಮಾತ್ರ ಒಬ್ಬರೇ ಹೊರಡಬೇಡಿ.

ಜಾತಿ ಧರ್ಮ ಯಾರೂ ಕೇಳಲಿಲ್ಲ. ಯಾಕೆ ನಡೆದಿರಿ ಅಂತ ಕೇಳುತ್ತಾರೆ. ಭಕ್ತಿ ಅಥವಾ ಮನಸ್ಸಿನ ಹುಡುಕಾಟ ಅಂದರೆ ಲ್ಯಾಟಿನ್ ಭಾಷೆಯ ಕೊಂಪೊಸ್ತೆಲಾ. ಬೇರೆ ಕಾರಣಕ್ಕೆ ನಡೆದವರಿಗೆ ಬೇರೆ ಪತ್ರ ಇದೆ. 2027 ಪವಿತ್ರ ವರ್ಷ, ಜುಲೈ 25ರ ಸಂತರ ಹಬ್ಬ ಭಾನುವಾರ ಬೀಳುತ್ತದೆ. ಆ ವರ್ಷ ವಿಪರೀತ ಜನ. ನೂಕುನುಗ್ಗಲು ಬೇಡ ಅನ್ನುವವರು ಬೇರೆ ವರ್ಷ ನೋಡಿ.

ವೈಟ್‌ಫೀಲ್ಡ್ ಪಾದಚಾರಿ

ಬುರ್ಗೋಸ್‌ನಿಂದ ಲಿಯೋನ್‌ವರೆಗೆ ಬರೀ ಬಯಲು, ಬೋರು, ಬಸ್ಸು ಹತ್ತಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಸಹ್ಯಾದ್ರಿ ನೋಟ

ತುಂಗಾತೀರ ಅವರ ಮನೆಯವರು ನಾನೇ. ಇದಕ್ಕೆ ಉತ್ತರ ನನಗೇ ಬಿಡು ಅಂತ ಕೇಳಿಕೊಂಡೆ.

ದಯವಿಟ್ಟು ಬಸ್ಸು ಹತ್ತಬೇಡಿ. ಮೆಸೆತಾ ಅನ್ನುವ ಆ ಎತ್ತರದ ಬಯಲು ಸುಮಾರು 180 ಕಿ.ಮೀ. ನಾವು ಮಲೆನಾಡಿನವರು, ಎದುರಿಗೆ ಒಂದು ಗುಡ್ಡವಾದರೂ ಇಲ್ಲದೆ ಬೆಳೆದವರಲ್ಲ. ಅಲ್ಲಿ ಕಣ್ಣು ಹಾಯುವಷ್ಟು ದೂರ ಗೋಧಿ, ನಡುವೆ ಕೆಂಪು ಗಸಗಸೆ ಹೂವು, ಮೇಲೆ ಆಕಾಶ ಅಷ್ಟೇ. ಮೊದಲ ದಿನ ನನಗೂ ಕಸಿವಿಸಿ ಆಯಿತು. ಎರಡು ದಿನ ಕಳೆದ ಮೇಲೆ ಅವಸರ ತಾನಾಗೇ ಇಳಿಯಿತು. ಯಾವಾಗಲೂ ಮುಂದೆ ಹೋಗುತ್ತಿದ್ದವನು ಇವರ ಪಕ್ಕದಲ್ಲೇ ನಡೆದೆ, ಅದೂ ಯಾರೂ ಹೇಳದೆ. ನೌಕರಿಯ ವರ್ಷಗಳಲ್ಲಿ ಆಡದೇ ಉಳಿದಿದ್ದ ಎಷ್ಟೋ ಮಾತು ಅಲ್ಲಿ ಆಡಿದೆವು.

ನೋಡುವುದಕ್ಕೂ ಬೇಕಾದಷ್ಟಿದೆ. ಸಾನ್ ಆಂತೋನ್ ಪಾಳು ಮಠದ ಕಮಾನಿನ ಕೆಳಗೇ ರಸ್ತೆ ಹಾದು ಹೋಗುತ್ತದೆ. ಕಾಸ್ತ್ರೊಹೇರಿಸ್ ಆಚೆ ಮೊಸ್ತೆಲಾರೆಸ್ ಏರು ಹತ್ತಿ ಹಿಂದಿರುಗಿ ನೋಡಿ. ಫ್ರೋಮಿಸ್ತಾದಲ್ಲಿ ಸಾನ್ ಮಾರ್ತಿನ್ ಚರ್ಚಿನ ಸೂರಿನ ಕೆಳಗೆ ಸಾಲಾಗಿ ಕೆತ್ತಿದ ಪ್ರಾಣಿ, ಮನುಷ್ಯರ ಮುಖಗಳಿವೆ. ಬೇಲೂರು ನೋಡಿದವರು ಅಲ್ಲಿ ನಿಲ್ಲದೆ ಹೋಗಲಾರರು.

ಬೇಸಿಗೆ ಜುಲೈ, ಆಗಸ್ಟ್‌ನಲ್ಲಿ ಮಾತ್ರ ಬೇಡ, ನೆರಳೇ ಇಲ್ಲ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು.

ವೈಟ್‌ಫೀಲ್ಡ್ ಪಾದಚಾರಿ

ಧನ್ಯವಾದ ಸರ್. ನೀರಿಗೆ ತೊಂದರೆ ಇದೆಯಾ ಅಲ್ಲಿ?

ಸಹ್ಯಾದ್ರಿ ನೋಟ

ಊರೂರಿಗೂ ನಲ್ಲಿ ಇದೆ. ಕುಡಿಯಲು ಬಾರದ ನೀರಿಗೆ "ನೊ ಪೊತಾಬ್ಲೆ" ಅಂತ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ. ತೊಂದರೆ ಒಂದೇ ಕಡೆ. ಕಾರಿಯೋನ್ ದೆ ಲೋಸ್ ಕೋಂದೆಸ್ ಬಿಟ್ಟ ಮೇಲೆ ಕಾಲ್ಸಾದಿಯಾ ದೆ ಲಾ ಕ್ವೇಸಾ ಬರುವವರೆಗೆ 17 ಕಿ.ಮೀ. ಒಂದು ಊರೂ ಇಲ್ಲ, ನೇರ ದಾರಿ. ತಲಾ ಎರಡು ಲೀಟರ್ ನೀರು, ತಿನ್ನಲು ಏನಾದರೂ ಹಿಂದಿನ ದಿನವೇ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಒಮ್ಮೊಮ್ಮೆ ಗಾಡಿ ಅಂಗಡಿ ಇರುತ್ತದೆ ಅನ್ನುತ್ತಾರೆ, ಅದನ್ನು ನಂಬಿಕೊಂಡು ಹೊರಡಬೇಡಿ. ಬೆಳಕು ಬಿಡುತ್ತಿದ್ದ ಹಾಗೇ ಹೊರಟರೆ ಬಿಸಿಲೇರುವ ಮೊದಲು ದಾಟಬಹುದು. ಆ ದಿನ ನಿಮ್ಮ ಮನೆಯವರ ಜೊತೆಯಲ್ಲೇ ನಡೆಯಿರಿ. ಮುಂದೆ ಹೋಗಿ ಕಾಯೋಣ ಅಂದರೆ ನಡುವೆ ಕಾಫಿ ಅಂಗಡಿ ಇಲ್ಲ.